ಯಾವ ರಿಮೋಟಿನ ಮಾತು ಹಳೆಯ ಸೆಟ್ಟಿಗೆ ತಿಳಿಯುತ್ತದೆ?

ಸಿಂಧನೂರಿನ ಪೇಟೆಯಲ್ಲಿ ಟಿವಿ, ರೇಡಿಯೊ ರಿಪೇರಿ ಮಾಡುವ ಯಾವುದಾದರೂ ಅಂಗಡಿಗೆ ಹೋದಾಗ ಗೋಡೆಯ ಕಡೆ ಒಮ್ಮೆ ನೋಡಿ. ಪ್ಲಾಸ್ಟಿಕ್ ಕವರಿನೊಳಗೆ ಕೂತ ರಿಮೋಟ್‌ಗಳು ಸಾಲುಸಾಲಾಗಿ ನೇತಾಡುತ್ತಿರುತ್ತವೆ. ಕಪ್ಪು, ಬೂದು, ಉದ್ದ, ಗಿಡ್ಡ, ಎಲ್ಲಕ್ಕೂ ಮೇಲ್ಗಡೆ ಒಂದು ಕೆಂಪು ಗುಂಡಿ. "ಅಣ್ಣಾರ, ನಮ್ಮ ತಾತನ ಹಳೇ ಮ್ಯೂಸಿಕ್ ಸೆಟ್ಟಿಗೆ ಒಂದು ರಿಮೋಟ್ ಕೊಡ್ರಿ" ಎಂದು ಕೇಳಿದರೆ ಅಂಗಡಿಯವರು ಕೂಡಲೇ ಒಂದನ್ನು ಇಳಿಸಿ ಕೊಡುವುದಿಲ್ಲ. "ಯಾವ ಕಂಪನಿ ಐತಿ ತಮ್ಮಾ? ಮಾಡೆಲ್ ನಂಬರ್ ಬರಕೊಂಡು ಬಂದೀಯೇನು?" ಎಂದು ಕೇಳುತ್ತಾರೆ.

ಎಷ್ಟು ಸರಿಯಾದ ಪ್ರಶ್ನೆ ಅದು! ಕಳೆದುಹೋದ ರಿಮೋಟಿನ ಹಾಗೆಯೇ ಕಾಣುವ ರಿಮೋಟ್ ತಂದರೂ ಸೆಟ್ಟು ಮಿಸುಕದೆ ಕೂತಿರಬಹುದು. ಆಕಾರ, ಬಣ್ಣ, ಗುಂಡಿಗಳ ಜಾಗ ಒಂದೂ ಹೊಂದದ ಇನ್ನೊಂದು ರಿಮೋಟಿಗೆ ಅದೇ ಸೆಟ್ಟು ತಕ್ಷಣ ಓಗೊಡಬಹುದು. ರಿಮೋಟ್ ಆರಿಸುವುದೆಂದರೆ ಡಬ್ಬಿ ಆರಿಸುವುದಲ್ಲ, ಅದು ಆಡುವ ಮಾತನ್ನು ಆರಿಸುವುದು. ಆ ಮಾತು ಬೆಳಕಿನಲ್ಲಿ ನಡೆಯುತ್ತದೆ, ಅದೂ ನಮ್ಮ ಕಣ್ಣಿಗೆ ಕಾಣದ ಬೆಳಕಿನಲ್ಲಿ. ಅದು ಹೇಗೆಂದು ತಿಳಿದುಕೊಂಡರೆ ಅಂಗಡಿಯಲ್ಲಿ ದುಡ್ಡು ಉಳಿಯುತ್ತದೆ. ದುಡ್ಡಿಗಿಂತ ಹೆಚ್ಚಾಗಿ, ಮೂಲೆ ಸೇರಿದ ಒಂದು ಒಳ್ಳೆಯ ಸೆಟ್ಟು ಮತ್ತೆ ಹಾಡುತ್ತದೆ. ನನಗೆ ಅದೇ ದೊಡ್ಡದು.

ಮೊದಲು ಸೆಟ್ಟಿನ ಮುಂದೆ ಕೂತು ಅದರ ಮುಖವನ್ನು ಸರಿಯಾಗಿ ನೋಡಿ. ಮರ್ಫಿ, ಬುಷ್, ಫಿಲಿಪ್ಸ್ ಕಂಪನಿಗಳ ವಾಲ್ವ್ ರೇಡಿಯೊ ನಿಮ್ಮ ಮನೆಯಲ್ಲಿದ್ದರೆ ಅದಕ್ಕೆ ಪೇಟೆಯ ಯಾವ ರಿಮೋಟೂ ನಡೆಯುವುದಿಲ್ಲ. ಅದನ್ನು ಮಾಡಿದವರು ಕೈಯಿಂದ ತಿರುಗಿಸಲೆಂದೇ ಮಾಡಿದರು. 70, 80ರ ದಶಕಗಳ ಬಹಳಷ್ಟು ಟೇಪ್‌ರಿಕಾರ್ಡರ್‌ಗಳೂ ಆಂಪ್ಲಿಫೈಯರ್‌ಗಳೂ ಹಾಗೆಯೇ. 90ರ ದಶಕದಲ್ಲಿ ಬಂದ, ಎರಡು ಕ್ಯಾಸೆಟ್ ಹಾಕುವ, ಸಿಡಿ ತಟ್ಟೆ ಹೊರಗೆ ಚಾಚುವ ಸೆಟ್ಟುಗಳಲ್ಲಿ ಅನೇಕಕ್ಕೆ ರಿಮೋಟ್ ಜೊತೆಯಲ್ಲೇ ಬಂದಿತ್ತು. ಗುರುತು ಹಿಡಿಯುವುದು ಕಷ್ಟವಲ್ಲ. ಸೆಟ್ಟಿನ ಮುಂಭಾಗದಲ್ಲಿ, ಅಂಕಿಗಳು ಹೊಳೆಯುವ ಜಾಗದ ಅಕ್ಕಪಕ್ಕ, ಉಗುರಿನಷ್ಟಗಲದ ಕಡುಗೆಂಪು ಅಥವಾ ಕಪ್ಪು ಪ್ಲಾಸ್ಟಿಕ್ ಕಿಟಕಿ ಇದೆಯೇ ನೋಡಿ. ಅದೇ ಸೆಟ್ಟಿನ ಕಣ್ಣು. ಮೆಕ್ಯಾನಿಕ್‌ಗಳು ಅದಕ್ಕೆ ಸೆನ್ಸರ್ ಅನ್ನುತ್ತಾರೆ.

ಬೆಳಕನ್ನು ನೋಡಬೇಕಾದ ಕಿಟಕಿಗೆ ಕಪ್ಪು ಪ್ಲಾಸ್ಟಿಕ್ ಏಕೆ ಹಾಕಿದರು? ನಮಗೆ ಕಪ್ಪಾಗಿ ಕಾಣುವ ಆ ಪ್ಲಾಸ್ಟಿಕ್ ರಿಮೋಟಿನ ಬೆಳಕಿಗೆ ಗಾಜಿನಷ್ಟೇ ಪಾರದರ್ಶಕ. ನಮ್ಮ ಕಣ್ಣಿಗೆ ಕಾಣುವ ಬೆಳಕನ್ನು ಅದು ತಡೆಯುತ್ತದೆ, ಕಾಣದ ಬೆಳಕನ್ನು ಒಳಗೆ ಬಿಡುತ್ತದೆ. ಒಳಗಿನ ಸೆನ್ಸರಿಗೆ ಟ್ಯೂಬ್‌ಲೈಟು, ಬಲ್ಬುಗಳ ಗದ್ದಲ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಈ ಕಾಣದ ಬೆಳಕನ್ನು ಮೊದಲು ಪತ್ತೆ ಮಾಡಿದವರು ಒಬ್ಬ ಸಂಗೀತಗಾರರು ಎಂದರೆ ನಿಮಗೆ ಆಶ್ಚರ್ಯವಾಗಬಹುದು. ವಿಲಿಯಂ ಹರ್ಷೆಲ್ ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದವರು. ಬಾತ್ ಎಂಬ ಊರಿನಲ್ಲಿ ಆರ್ಗನ್ ನುಡಿಸುತ್ತಿದ್ದರು, ಸಂಗೀತ ಕಲಿಸುತ್ತಿದ್ದರು. ರಾತ್ರಿ ತಾವೇ ಮಾಡಿದ ದೂರದರ್ಶಕದಲ್ಲಿ ಆಕಾಶ ನೋಡುತ್ತಿದ್ದರು. 1781ರಲ್ಲಿ ಯುರೇನಸ್ ಗ್ರಹವನ್ನು ಕಂಡದ್ದು ಅವರೇ. 1800ರಲ್ಲಿ ಅವರು ಬಿಸಿಲನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿ ಏಳು ಬಣ್ಣಗಳಾಗಿ ಹರಡಿದರು. ಯಾವ ಬಣ್ಣದಲ್ಲಿ ಎಷ್ಟು ಶಾಖವಿದೆ ಎಂದು ತಿಳಿಯಲು ಒಂದೊಂದು ಬಣ್ಣದಲ್ಲೂ ತಾಪಮಾಪಕ ಇಟ್ಟರು. ಕೆಂಪು ಬಣ್ಣ ಮುಗಿದ ಮೇಲೆ, ಏನೂ ಕಾಣದ ಜಾಗದಲ್ಲಿಟ್ಟ ತಾಪಮಾಪಕ ಎಲ್ಲಕ್ಕಿಂತ ಹೆಚ್ಚು ಏರಿತು. ಕೆಂಪಿನಾಚೆ ಇನ್ನೂ ಏನೋ ಇದೆ ಎಂದು ಗೊತ್ತಾಯಿತು. ಅದನ್ನೇ ನಾವು ಅವಕೆಂಪು ಕಿರಣ ಎನ್ನುತ್ತೇವೆ.

ನಮ್ಮ ಕಣ್ಣು ಸುಮಾರು 400ರಿಂದ 700 ನ್ಯಾನೋಮೀಟರ್ ತರಂಗದೂರದ ಬೆಳಕನ್ನು ಕಾಣುತ್ತದೆ. ರಿಮೋಟಿನ ತುದಿಯ ಪುಟ್ಟ ಎಲ್‌ಇಡಿ ಸಾಮಾನ್ಯವಾಗಿ 940 ನ್ಯಾನೋಮೀಟರ್ ಬೆಳಕನ್ನು ಚೆಲ್ಲುತ್ತದೆ. ನಮಗೆ ಅದು ಕತ್ತಲೆ. ಆದರೆ ಮೊಬೈಲ್ ಫೋನಿನ ಕ್ಯಾಮೆರಾದೊಳಗಿನ ಸಿಲಿಕಾನ್ ಚಿಪ್ಪಿಗೆ ಅದು ಕಾಣುತ್ತದೆ. ಇವತ್ತೇ ಮಾಡಿ ನೋಡಿ. ಕ್ಯಾಮೆರಾ ತೆರೆದು ರಿಮೋಟಿನ ತುದಿಯನ್ನು ಅದರ ಮುಂದೆ ಹಿಡಿದು ಗುಂಡಿ ಒತ್ತಿ. ಪರದೆಯ ಮೇಲೆ ತುದಿ ನೇರಳೆ ಬಿಳುಪಾಗಿ ಮಿನುಗುತ್ತದೆ. ಕೆಲವು ಫೋನುಗಳ ಹಿಂದಿನ ಕ್ಯಾಮೆರಾಕ್ಕೆ ಅವಕೆಂಪನ್ನು ತಡೆಯುವ ಗಟ್ಟಿಯಾದ ಶೋಧಕ ಇರುವುದರಿಂದ ಅದರಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಎರಡರಲ್ಲೂ ಕಾಣದಿದ್ದರೆ ರಿಮೋಟ್ ಬೆಳಕು ಚೆಲ್ಲುತ್ತಿಲ್ಲದಿರಬಹುದು.

ಈ ಬೆಳಕು ಗೋಡೆ ದಾಟದು, ಹಾಗಾಗಿ ಪಕ್ಕದ ಮನೆಯವರ ರಿಮೋಟು ನಿಮ್ಮ ಸೆಟ್ಟನ್ನು ಕೆಣಕುವುದಿಲ್ಲ. ಸುಣ್ಣ ಬಳಿದ ಗೋಡೆಗೆ ಬಡಿದು ಚದುರಿ ಹಿಂದಿರುಗಬಲ್ಲದು, ಆದ್ದರಿಂದ ಸೆಟ್ಟಿಗೆ ಬೆನ್ನು ಮಾಡಿ ಎದುರಿನ ಗೋಡೆಗೆ ತೋರಿಸಿದರೂ ಕೆಲವೊಮ್ಮೆ ಹಾಡು ಬದಲಾಗುತ್ತದೆ. ರಿಮೋಟಿಗೆ ಸುತ್ತಿದ ತೆಳು ಪ್ಲಾಸ್ಟಿಕ್ ಕವರನ್ನು ಅದು ಸಲೀಸಾಗಿ ದಾಟುತ್ತದೆ. ಆದರೆ ಅಮ್ಮ ಅಥವಾ ಅಜ್ಜಿ ಪ್ರೀತಿಯಿಂದ ಕಸೂತಿ ಹಾಕಿ ಸೆಟ್ಟಿಗೆ ಹೊದಿಸಿದ ದಪ್ಪ ಬಟ್ಟೆ ಕಿಟಕಿಯ ಮೇಲೆ ಇಳಿಬಿದ್ದಿದ್ದರೆ ಬೆಳಕು ಅಲ್ಲೇ ನಿಲ್ಲುತ್ತದೆ. ಹೊಸ ರಿಮೋಟ್ ಕೊಳ್ಳುವ ಮುಂಚೆ ಬಟ್ಟೆ ಸರಿಸಿ ನೋಡಬೇಕು.

ಈಗ ನಮ್ಮ ಸೀಮೆಯ ಬಿಸಿಲಿಗೆ ಬರೋಣ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುವುದು ನಿಮಗೇ ಗೊತ್ತು. ನೆಲ ಮುಟ್ಟುವ ಸೂರ್ಯನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಅವಕೆಂಪು ಕಿರಣಗಳದ್ದೇ. ಹಾಗಿದ್ದರೆ ಪಡಸಾಲೆಯಲ್ಲಿಟ್ಟ ಸೆಟ್ಟಿನ ಕಣ್ಣಿಗೆ ಇಡೀ ಹಗಲು ಬೆಳಕು ಹರಿದು ಬರುತ್ತಿರುತ್ತದಲ್ಲ, ಅದರ ನಡುವೆ ಎರಡು ಸಣ್ಣ ಸೆಲ್ಲಿನ ರಿಮೋಟ್ ಹೇಳಿದ್ದು ಗೊತ್ತಾಗುವುದು ಹೇಗೆ?

ಇದೇ ತೊಂದರೆ ರಿಮೋಟಿನ ಹುಟ್ಟಿನ ಕಾಲದಲ್ಲೇ ಎದುರಾಗಿತ್ತು. ಅಮೆರಿಕದ ಝೆನಿತ್ ಕಂಪನಿಯ ಯೂಜೀನ್ ಪಾಲಿ ಎಂಬ ಎಂಜಿನಿಯರು 1955ರಲ್ಲಿ ಟಿವಿಗೆ ತಂತಿಯಿಲ್ಲದ ರಿಮೋಟ್ ಮಾಡಿದರು. ಅದು ಒಂದು ಬಗೆಯ ಟಾರ್ಚು. ಟಿವಿಯ ನಾಲ್ಕು ಮೂಲೆಗಳಲ್ಲಿ ಬೆಳಕು ಗುರುತಿಸುವ ಸೆಲ್‌ಗಳಿದ್ದವು, ಯಾವ ಮೂಲೆಗೆ ಬೆಳಕು ಬಿಟ್ಟರೆ ಆ ಕೆಲಸ. ಆದರೆ ಕಿಟಕಿಯಿಂದ ಬಿದ್ದ ಬಿಸಿಲೂ ಆ ಸೆಲ್‌ಗಳಿಗೆ ಅಪ್ಪಣೆಯಂತೆಯೇ ಕಂಡಿತು! ಮರುವರ್ಷ, 1956ರಲ್ಲಿ, ಅದೇ ಕಂಪನಿಯ ರಾಬರ್ಟ್ ಆಡ್ಲರ್ ಬೆಳಕನ್ನೇ ಬಿಟ್ಟು ಶಬ್ದ ಹಿಡಿದರು. ಗುಂಡಿ ಒತ್ತಿದರೆ ರಿಮೋಟಿನೊಳಗೆ ಸಣ್ಣ ಸುತ್ತಿಗೆಯೊಂದು ಅಲ್ಯೂಮಿನಿಯಂ ಸರಳಿಗೆ ಬಡಿಯುತ್ತಿತ್ತು. ಹೊರಟ ನಾದ ಮನುಷ್ಯರ ಕಿವಿಗೆ ಕೇಳದಷ್ಟು ಕೀಚಲು. ಆ ರಿಮೋಟಿಗೆ ಸೆಲ್ಲೇ ಬೇಕಿರಲಿಲ್ಲ. ನನಗೆ ಬಹಳ ಇಷ್ಟವಾದ ಉಪಾಯ ಅದು.

ಮುಂದೆ ರಿಮೋಟುಗಳು ಮತ್ತೆ ಬೆಳಕಿಗೆ ಮರಳಿದಾಗ ಎಂಜಿನಿಯರುಗಳು ಬಿಸಿಲಿಗೆ ಮದ್ದು ಕಂಡುಕೊಂಡಿದ್ದರು. ಬಿಸಿಲು ಒಂದೇ ಸಮನೆ ಸುರಿಯುತ್ತದೆ, ಮಿನುಗುವುದಿಲ್ಲ. ರಿಮೋಟಿನ ಬೆಳಕು ಮಿನುಗುವಂತೆ ಮಾಡಿದರಾಯಿತು, ಅದೂ ಎಷ್ಟು ಬೇಗ? ಹೆಚ್ಚಿನ ರಿಮೋಟುಗಳಲ್ಲಿ ಸೆಕೆಂಡಿಗೆ 38,000 ಸಲ. ಇದನ್ನು 38 ಕಿಲೊಹರ್ಟ್ಸ್ ಎನ್ನುತ್ತಾರೆ. ಸೆಟ್ಟಿನ ಸೆನ್ಸರಿನೊಳಗೆ ಬೆಳಕು ಹಿಡಿಯುವ ಡಯೋಡಿನ ಜೊತೆಗೆ ಒಂದು ಶೋಧಕವೂ ಇರುತ್ತದೆ. ಅದು ಆ ವೇಗದಲ್ಲಿ ಮಿನುಗುವ ಬೆಳಕನ್ನು ಮಾತ್ರ ಮುಂದಕ್ಕೆ ಬಿಟ್ಟು ಉಳಿದದ್ದನ್ನು ಕಳೆಯುತ್ತದೆ. ನಮ್ಮ ಪೇಟೆಗಳಲ್ಲಿ ಸಿಗುವ ಮೂರು ಕಾಲಿನ ಟಿಎಸ್‌ಒಪಿ 1738 ಎಂಬ ಸೆನ್ಸರಿನ ಹೆಸರಿನ ಕೊನೆಯ ಎರಡಂಕಿಯೇ ಅದರ ಕಿಲೊಹರ್ಟ್ಸ್. ಹಾಗಿದ್ದರೂ ನೆತ್ತಿಯ ಮೇಲಿನ ಬಿಸಿಲು ನೇರವಾಗಿ ಕಿಟಕಿಗೆ ಬಿದ್ದರೆ ಡಯೋಡಿಗೆ ಸಣ್ಣ ಮಿನುಗನ್ನು ಬಿಡಿಸಿಕೊಳ್ಳುವುದು ಕಷ್ಟವಾಗುತ್ತದೆ. ಆಗ ಹತ್ತು ಹೆಜ್ಜೆಯಿಂದ ನಡೆಯುತ್ತಿದ್ದ ರಿಮೋಟ್ ಎರಡು ಹೆಜ್ಜೆ ಹತ್ತಿರ ಹೋದರೆ ಮಾತ್ರ ನಡೆಯುತ್ತದೆ. ರಿಮೋಟು ಕೆಟ್ಟಿತೆಂದು ಬಿಸಾಡಬೇಡಿ, ಸಂಜೆಗೆ ಮತ್ತೊಮ್ಮೆ ಒತ್ತಿ ನೋಡಿ.

ಎಲ್ಲ ರಿಮೋಟುಗಳೂ 38ರಲ್ಲೇ ಮಿನುಗುವುದಿಲ್ಲ ಎನ್ನುವುದನ್ನೂ ಗಮನಿಸಿ. ಫಿಲಿಪ್ಸ್‌ನವರ ಆರ್‌ಸಿ-5 ಎಂಬ ಪದ್ಧತಿಯದು 36, ಸೋನಿಯದು 40. ಇಷ್ಟು ಸಣ್ಣ ಅಂತರವಿದ್ದರೆ ಹತ್ತಿರದಿಂದ ಹೇಗೋ ಕೇಳಿಸುತ್ತದೆ, ದೂರ ಹೋದರೆ ಕೇಳಿಸದು. ಡೆನ್ಮಾರ್ಕಿನ ಬ್ಯಾಂಗ್ ಅಂಡ್ ಓಲುಫ್ಸೆನ್ ಕಂಪನಿಯವರು 455 ಕಿಲೊಹರ್ಟ್ಸ್ ಇಟ್ಟುಕೊಂಡರು. ಆದ್ದರಿಂದಲೇ ಅವರ ಹಳೆಯ ಸೆಟ್ಟುಗಳಿಗೆ ಪೇಟೆಯ ಸಾಮಾನ್ಯ ರಿಮೋಟುಗಳು ಒಗ್ಗುವುದಿಲ್ಲ.

ಮಿನುಗು ಕಂಡಿತು ಎಂದಿಟ್ಟುಕೊಳ್ಳೋಣ. ಕಂಡದ್ದು ತಿಳಿಯಬೇಕಲ್ಲ? ಇದಕ್ಕೆ ಮಸ್ಕಿಗೆ ಹೋಗಬೇಕು.

ಮಸ್ಕಿಯ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಅದನ್ನು ಕಂಡರು. ಅದಕ್ಕೂ ಮೊದಲು ಸಿಕ್ಕಿದ್ದ ಅಶೋಕನ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿದ್ದವೇ ಹೊರತು ಅಶೋಕ ಎಂಬ ಹೆಸರಿರಲಿಲ್ಲ. ಆ ಹೆಸರು ಮೊದಲು ಕಂಡದ್ದು ನಮ್ಮ ಮಸ್ಕಿಯಲ್ಲಿ. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲೂ ಸಿಕ್ಕಿತು. ನೀವು ಶಾಲೆಯಿಂದ ಪ್ರವಾಸಕ್ಕೆ ಹೋಗಿ ಆ ಬಂಡೆಯ ಮುಂದೆ ನಿಂತಿದ್ದರೆ ನೆನಪು ಮಾಡಿಕೊಳ್ಳಿ. ಅಕ್ಷರಗಳು ಕಣ್ಣಿಗೆ ಕಾಣುತ್ತವೆ. ಕಣ್ಣಿನಲ್ಲಿ ಯಾವ ದೋಷವೂ ಇಲ್ಲ, ಬಂಡೆಯಲ್ಲೂ ಇಲ್ಲ. ಆದರೂ ಓದಲು ಬರುವುದಿಲ್ಲ, ಏಕೆಂದರೆ ಅದು ಬ್ರಾಹ್ಮಿ ಲಿಪಿ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯ ಗುಟ್ಟು ಬಿಡಿಸುವವರೆಗೆ ಅಶೋಕನ ಶಾಸನಗಳು ದೊಡ್ಡ ವಿದ್ವಾಂಸರಿಗೂ ಬರಿಯ ಗೀರುಗಳಾಗಿದ್ದವು. ಇನ್ನೂ ಒಂದು ಮಾತಿದೆ. ಯಾರಾದರೂ ಆ ಸಾಲುಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆದು ಕೊಟ್ಟರೆ ನೀವು ಓದುತ್ತೀರಿ, ಆದರೆ ಅರ್ಥವಾಗದು. ಭಾಷೆ ಪ್ರಾಕೃತ. ಲಿಪಿ ಬರಬೇಕು, ಭಾಷೆಯೂ ಬರಬೇಕು.

ಸೆಟ್ಟಿನ ಸ್ಥಿತಿಯೂ ಅದೇ. ರಿಮೋಟಿನ ಮಿನುಗುಗಳನ್ನು ಸೊನ್ನೆ ಮತ್ತು ಒಂದು ಎಂಬ ಎರಡು ಗುರುತುಗಳಾಗಿ ಓದುವ ಕ್ರಮ ಗೊತ್ತಿರಬೇಕು, ಅದು ಲಿಪಿ. ಆಮೇಲೆ ಯಾವ ಸಂಖ್ಯೆಗೆ ಯಾವ ಕೆಲಸ ಎಂದು ಗೊತ್ತಿರಬೇಕು, ಅದು ಭಾಷೆ.

ಲಿಪಿಗಳು ಎಷ್ಟು ಬೇರೆಬೇರೆ ಎಂದು ನೋಡಿದರೆ ಖುಷಿಯಾಗುತ್ತದೆ. ಜಪಾನಿನ ಎನ್‌ಇಸಿ ಕಂಪನಿ ಮಾಡಿದ ಲಿಪಿಯನ್ನು ಬಹಳ ಕಂಪನಿಗಳು ಬಳಸುತ್ತವೆ. ಅದರಲ್ಲಿ ಗುಂಡಿ ಒತ್ತಿದ ಕೂಡಲೇ 9 ಮಿಲಿಸೆಕೆಂಡ್ ಮಿನುಗು, ಮತ್ತೆ 4.5 ಮಿಲಿಸೆಕೆಂಡ್ ಮೌನ. ಸೆಟ್ಟಿಗೆ 'ಕೇಳು, ಹೇಳುತ್ತೇನೆ' ಎಂದ ಹಾಗೆ. ಲೆಕ್ಕ ಮಾಡಿ: ಸೆಕೆಂಡಿಗೆ 38,000 ಮಿನುಗಾದರೆ 9 ಮಿಲಿಸೆಕೆಂಡಿನಲ್ಲಿ 342 ಮಿನುಗು! ಆಮೇಲೆ 32 ಗುರುತುಗಳು ಒಂದರ ಹಿಂದೊಂದು ಬರುತ್ತವೆ. ಪ್ರತಿ ಗುರುತಿಗೂ ಅರ್ಧ ಮಿಲಿಸೆಕೆಂಡಿಗಿಂತ ತುಸು ಹೆಚ್ಚಿನ ಒಂದು ಮಿನುಗು, ಹಿಂದೆಯೇ ಮೌನ. ಮೌನ ಗಿಡ್ಡವಾದರೆ ಸೊನ್ನೆ, ಉದ್ದವಾದರೆ ಒಂದು. ಅಂದರೆ ಈ ಲಿಪಿಯಲ್ಲಿ ಅರ್ಥವಿರುವುದು ಮೌನದಲ್ಲಿ. ಸೋನಿಯವರದು ಇದಕ್ಕೆ ತಿರುಗುಮುರುಗು. ಮೌನ ಯಾವಾಗಲೂ ಒಂದೇ ಅಳತೆ, ಮಿನುಗು ಗಿಡ್ಡವಾದರೆ ಸೊನ್ನೆ, ಉದ್ದವಾದರೆ ಒಂದು. ಫಿಲಿಪ್ಸ್‌ನವರ ಆರ್‌ಸಿ-5ರಲ್ಲಿ ಉದ್ದ ಗಿಡ್ಡದ ಮಾತೇ ಇಲ್ಲ. ಪ್ರತಿ ಗುರುತಿನ ನಟ್ಟನಡುವೆ ಮೌನದಿಂದ ಮಿನುಗಿಗೆ ಹೋಯಿತೋ ಮಿನುಗಿನಿಂದ ಮೌನಕ್ಕೆ ಬಂತೋ ಎಂಬುದರ ಮೇಲೆ ಒಂದೋ ಸೊನ್ನೆಯೋ ಎಂದು ತೀರ್ಮಾನ. ಸೋನಿ ರಿಮೋಟನ್ನು ಹಳೆಯ ಫಿಲಿಪ್ಸ್ ಸೆಟ್ಟಿನ ಮುಂದೆ ಎಷ್ಟೇ ಒತ್ತಿದರೂ ಏಕೆ ಆಗದು ಎಂದು ಈಗ ನಿಮಗೆ ಹೊಳೆದಿರಬೇಕು.

ಎನ್‌ಇಸಿ ಲಿಪಿಯ 32 ಗುರುತುಗಳಲ್ಲಿ ಮೊದಲ ಎಂಟು ವಿಳಾಸ: ಈ ಮಾತು ಯಾರಿಗೆ? ಮುಂದಿನ ಎಂಟು ಅದೇ ವಿಳಾಸವನ್ನು ತಿರುವಿ ಬರೆದದ್ದು, ಸೊನ್ನೆಯಿದ್ದಲ್ಲಿ ಒಂದು, ಒಂದಿದ್ದಲ್ಲಿ ಸೊನ್ನೆ. ಆಮೇಲಿನ ಎಂಟು ಅಪ್ಪಣೆ, ಕೊನೆಯ ಎಂಟು ಅಪ್ಪಣೆಯನ್ನು ತಿರುವಿ ಬರೆದದ್ದು. ಎರಡೂ ತಾಳೆಯಾದರೆ ಮಾತ್ರ ಸೆಟ್ಟು ಕೆಲಸ ಮಾಡುತ್ತದೆ. ನಡುವೆ ಯಾರಾದರೂ ಹಾದುಹೋಗಿ ಬೆಳಕು ತುಂಡಾದರೆ ತಪ್ಪು ಕೆಲಸ ಮಾಡುವುದಕ್ಕಿಂತ ಸುಮ್ಮನಿರುವುದು ಮೇಲು ಎಂದು ಅದನ್ನು ಹೀಗೆ ಮಾಡಿದ್ದಾರೆ. ಇಷ್ಟೆಲ್ಲ ನಡೆಯುವುದು 67.5 ಮಿಲಿಸೆಕೆಂಡಿನಲ್ಲಿ. ನೀವು ಒಮ್ಮೆ ರೆಪ್ಪೆ ಬಡಿಯುವುದರೊಳಗೆ ಮುಗಿದಿರುತ್ತದೆ.

ವಿಳಾಸದ ವಿಷಯವನ್ನು ಇನ್ನೊಂದು ಕ್ಷಣ ನೋಡೋಣ, ಏಕೆಂದರೆ ರಿಮೋಟ್ ಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲೇ. ಆರ್‌ಸಿ-5 ಪದ್ಧತಿಯಲ್ಲಿ ವಿಳಾಸಕ್ಕೆ ಐದು ಗುರುತು, ಹಾಗಾಗಿ 32 ವಿಳಾಸಗಳು ಸಾಧ್ಯ. ಅದರಲ್ಲಿ ಟಿವಿಯ ವಿಳಾಸ 0. ಆಂಪ್ಲಿಫೈಯರಿನದು 16, ರೇಡಿಯೊ ಟ್ಯೂನರಿನದು 17, ಸಿಡಿ ಪ್ಲೇಯರಿನದು 20. ಕಂಪನಿ ಒಂದೇ, ಲಿಪಿ ಒಂದೇ, 'ಸೌಂಡು ಹೆಚ್ಚಿಸು' ಎಂಬ ಅಪ್ಪಣೆಯ ಸಂಖ್ಯೆಯೂ ಒಂದೇ ಇರಬಹುದು. ಆದರೂ ಅದೇ ಕಂಪನಿಯ ಟಿವಿ ರಿಮೋಟ್ ಒತ್ತಿದರೆ ಆಂಪ್ಲಿಫೈಯರು 'ಇದು ನನಗಲ್ಲ, ಟಿವಿಗೆ' ಎಂದು ಸುಮ್ಮನಿರುತ್ತದೆ. ಹಾಗೆ ಸುಮ್ಮನಿರುವುದೇ ಸರಿ. ಇಲ್ಲದಿದ್ದರೆ ಒಂದೇ ಕೋಣೆಯಲ್ಲಿರುವ ಟಿವಿಯೂ ಆಂಪ್ಲಿಫೈಯರೂ ಒಟ್ಟಿಗೆ ಕಿರುಚಿಕೊಳ್ಳುತ್ತಿದ್ದವು. ಆದ್ದರಿಂದ "ಅದೇ ಕಂಪನಿದು ಐತಿ, ನಡೀತೈತಿ ತಗೋ" ಎಂದು ಯಾರಾದರೂ ಟಿವಿ ರಿಮೋಟ್ ಕೈಗಿಟ್ಟರೆ ಒಪ್ಪಬೇಡಿ. ಸೆಟ್ಟಿನ ಹಿಂಭಾಗದ ಚೀಟಿಯಲ್ಲಿರುವ ಮಾಡೆಲ್ ನಂಬರನ್ನು ಅಕ್ಷರ, ಅಂಕಿ, ಗೆರೆ ಸಮೇತ ಬರೆದುಕೊಂಡು ಅಥವಾ ಫೋಟೊ ತೆಗೆದುಕೊಂಡು ಹೋಗಿ.

ಅಂಗಡಿಯಲ್ಲಿ ಸಿಗುವ ರಿಮೋಟುಗಳಲ್ಲಿ ಮೊದಲನೆಯದು ಆ ಮಾಡೆಲಿಗೆಂದೇ ಮಾಡಿದ್ದು. ಕಂಪನಿಯದೇ ಹಳೆಯದು ಸಿಕ್ಕರೆ ಅದಕ್ಕೆ ಸಮ ಯಾವುದೂ ಇಲ್ಲ. ಬೇರೆಯವರು ಮಾಡಿದ ಜೋಡಿ ರಿಮೋಟಾದರೂ ಪರವಾಗಿಲ್ಲ, ಮಾತು ಅದೇ ಆಗಿದ್ದರೆ ಸಾಕು. ಎರಡನೆಯದು ಯೂನಿವರ್ಸಲ್ ರಿಮೋಟ್. ಅದರೊಳಗಿನ ಚಿಪ್ಪಿನಲ್ಲಿ ಅನೇಕ ಕಂಪನಿಗಳ ಲಿಪಿ, ವಿಳಾಸ, ಅಪ್ಪಣೆಗಳನ್ನು ಮೊದಲೇ ತುಂಬಿಟ್ಟಿರುತ್ತಾರೆ. ಜೊತೆಗೆ ಕೊಟ್ಟ ಪಟ್ಟಿಯಿಂದ ಕೋಡ್ ಸಂಖ್ಯೆ ಒತ್ತಿ ಒಂದನ್ನು ಆರಿಸಿಕೊಳ್ಳಬೇಕು. ಕೊಳ್ಳುವ ಮುನ್ನ ಆ ಪಟ್ಟಿಯಲ್ಲಿ ಟಿವಿ ಅಲ್ಲದೆ ಆಡಿಯೊ ವಿಭಾಗ ಇದೆಯೇ ನೋಡಿ. ಬರೀ ಟಿವಿಗಳ ಪಟ್ಟಿ ಇದ್ದರೆ ನಮಗೆ ಉಪಯೋಗವಿಲ್ಲ. ಇದ್ದರೂ ಸೌಂಡು, ಆನ್, ಆಫ್ ನಡೆದು, ಕ್ಯಾಸೆಟ್ ತಿರುಗಿಸುವ ಗುಂಡಿ ನಡೆಯದೆ ಹೋಗಬಹುದು.

ಮೂರನೆಯದು ಕಲಿಯುವ ರಿಮೋಟ್. ಹಳೆಯ ಸೆಟ್ಟಿನ ಮಟ್ಟಿಗೆ ನನ್ನ ಓಟು ಇದಕ್ಕೇ. ಇದರಲ್ಲಿ ಎಲ್‌ಇಡಿಯ ಜೊತೆಗೆ ಸೆನ್ಸರೂ ಇರುತ್ತದೆ. ಸರಿಯಾದ ರಿಮೋಟನ್ನು ಇದರ ಎದುರು ಹಿಡಿದು ಒಂದೊಂದೇ ಗುಂಡಿ ಒತ್ತಿದರೆ ಮಿನುಗು, ಮೌನಗಳ ಅಳತೆಯನ್ನು ನೋಡಿಕೊಂಡು ನೆನಪಿಟ್ಟುಕೊಳ್ಳುತ್ತದೆ. ಅದಕ್ಕೆ ಅರ್ಥ ತಿಳಿಯಬೇಕಿಲ್ಲ, ಕಂಡದ್ದನ್ನು ಹಾಗೆಯೇ ಒಪ್ಪಿಸುತ್ತದೆ. ಆ್ಯಪಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ 1987ರಲ್ಲಿ 'ಕೋರ್' ಎಂಬ ಹೆಸರಿನ ಇಂಥ ರಿಮೋಟನ್ನು ತಂದಿದ್ದರು. ಕಲಿಸಲು ಒಂದು ಮೂಲ ರಿಮೋಟ್ ಬೇಕಲ್ಲ, ಅದೇ ಕಳೆದುಹೋಗಿದ್ದರೆ? ಅಂಥದೇ ಸೆಟ್ಟು ಇಟ್ಟುಕೊಂಡ ನೆಂಟರೋ ಪರಿಚಯದವರೋ ಲಿಂಗಸುಗೂರಿನಲ್ಲೋ ಮುದಗಲ್ಲಿನಲ್ಲೋ ಇರಬಹುದು. ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ರಸ್ತೆಯ ಮೇಲಿನ ಊರುಗಳು, ಬಸ್ಸು ಹತ್ತಿದರಾಯಿತು. ಅವರ ರಿಮೋಟಿನಿಂದ ಕಲಿಸಿಕೊಂಡು ಬಂದರೆ ಅವರದು ಅವರಲ್ಲೇ ಉಳಿಯುತ್ತದೆ, ಮಾತು ನಿಮ್ಮ ಮನೆಗೂ ಬರುತ್ತದೆ. ಇಂದು ಚೆನ್ನಾಗಿರುವ ಹಳೆಯ ರಿಮೋಟ್ ನಿಮ್ಮಲ್ಲಿದ್ದರೆ ಅದು ಕೆಡುವ ಮೊದಲೇ ಒಂದು ಪ್ರತಿ ಮಾಡಿಸಿಡಿ ಎಂದು ಮನೆಯವರಿಗೆ ಹೇಳಿ.

ಕೆಲವು ಮೊಬೈಲ್ ಫೋನುಗಳ ನೆತ್ತಿಯ ಮೇಲೂ ಅವಕೆಂಪು ಎಲ್‌ಇಡಿ ಇರುತ್ತದೆ. ಅಂಥ ಫೋನು ಮನೆಯಲ್ಲಿದ್ದರೆ ರಿಮೋಟ್ ಆ್ಯಪಿನಲ್ಲಿ ಕಂಪನಿ ಆರಿಸಿ ಪ್ರಯತ್ನಿಸಬಹುದು. ಇದಕ್ಕೆ ಖರ್ಚಿಲ್ಲ, ಆದ್ದರಿಂದ ಇದನ್ನೇ ಮೊದಲು ಮಾಡಿ. ಇಂದಿನ ಕೆಲವು ಟಿವಿಗಳ ಬ್ಲೂಟೂತ್ ರಿಮೋಟ್ ಮಾತ್ರ ಬೇಡ. ಅದು ಮಾತಾಡುವುದು ರೇಡಿಯೊ ತರಂಗದಲ್ಲಿ, ಅವಕೆಂಪು ಕಿಟಕಿಗೆ ಅದು ಗೊತ್ತೇ ಆಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯಿತು: ಮನೆಯಲ್ಲಿರುವ ಹಳೆಯ ರಿಮೋಟ್ ನಿಜವಾಗಿಯೂ ಕೆಟ್ಟಿದೆಯೇ? ಸೆಲ್ ಬದಲಾಯಿಸಿ ನೋಡಿ. ಸೆಲ್ ಸೋರಿ ಬಿಳಿಯ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ, ದೊಡ್ಡವರಿಂದ ಒರೆಸಿಸಿ, ಆಮೇಲೆ ಕೈ ತೊಳೆದುಕೊಳ್ಳಿ. ಕೆಲವು ಗುಂಡಿಗಳು ಮಾತ್ರ ನಡೆಯದಿದ್ದರೆ ತೊಂದರೆ ರಬ್ಬರಿನದು. ಪ್ರತಿ ಗುಂಡಿಯ ಕೆಳಗೆ ಇಂಗಾಲ ಬೆರೆತ ಕಪ್ಪು ಬೊಟ್ಟು ಇರುತ್ತದೆ, ಒತ್ತಿದಾಗ ಅದು ಕೆಳಗಿನ ಹಲಗೆಯ ಎರಡು ಗೆರೆಗಳನ್ನು ಕೂಡಿಸಿ ವಿದ್ಯುತ್ತಿಗೆ ದಾರಿ ಕೊಡುತ್ತದೆ. ಎಣ್ಣೆ ಕೈಯ ಜಿಡ್ಡು, ನಮ್ಮ ಕಡೆಯ ಧೂಳು ಸೇರಿ ಅಲ್ಲಿ ಪದರ ಕಟ್ಟುತ್ತದೆ. ಬಿಚ್ಚಿ, ಹತ್ತಿಗೆ ಸ್ಪಿರಿಟ್ ತಾಕಿಸಿ ಮೆಲ್ಲಗೆ ಒರೆಸಿದರೆ ಬಹಳ ರಿಮೋಟುಗಳು ಬದುಕುತ್ತವೆ. ಬಿಚ್ಚುವಾಗ ಮನೆಯ ದೊಡ್ಡವರು ಜೊತೆಗಿರಲಿ. ರಿಮೋಟಿನಲ್ಲಿರುವುದು ಎರಡು ಸೆಲ್ಲಿನ 3 ವೋಲ್ಟ್, ಅಪಾಯವಿಲ್ಲ. ಸೆಟ್ಟಿನ ಹಿಂಬದಿಯನ್ನು ಮಾತ್ರ ಎಂದೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ದೊಡ್ಡ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ.

ಬಿಚ್ಚಿದ ರಿಮೋಟಿನಲ್ಲಿ ಎಲ್‌ಇಡಿಯನ್ನು ಹತ್ತಿರದಿಂದ ನೋಡಿ. ಗ್ಯಾಲಿಯಂ ಆರ್ಸೆನೈಡ್ ಎಂಬ ವಸ್ತುವಿನ ಸಣ್ಣ ಹರಳೊಂದು ಪ್ಲಾಸ್ಟಿಕ್ಕಿನಲ್ಲಿ ಹುದುಗಿರುತ್ತದೆ. ಅದಕ್ಕೆ ವಿದ್ಯುತ್ತು ಮುಟ್ಟಿಸಲು ತಲೆಗೂದಲಿಗಿಂತ ತೆಳುವಾದ ತಂತಿ ಬೇಕು. ಹಳೆಯ ಎಲ್‌ಇಡಿಗಳಲ್ಲಿ ಆ ತಂತಿ ಸಾಮಾನ್ಯವಾಗಿ ಬಂಗಾರದ್ದು! ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ನೆಲದಾಳದಿಂದ ಅದಿರು ಎತ್ತಿ ಬಂಗಾರ ತೆಗೆಯುವುದು ನಿಮಗೆ ಗೊತ್ತು. ತುಕ್ಕು ಹಿಡಿಯದ, ಎಳೆದಷ್ಟೂ ಎಳೆಯಾಗಿ ಬರುವ ಗುಣದಿಂದ ಆ ಲೋಹಕ್ಕೆ ಒಡವೆಯ ಆಚೆಗೂ ಇಂಥ ಕೆಲಸ ಸಿಕ್ಕಿದೆ.

ಪಕ್ಕದಲ್ಲೇ ನೀಲಿಯೋ ಹಳದಿಯೋ ಬಣ್ಣದ ಒಂದು ಸಣ್ಣ ಬಿಲ್ಲೆ ಇರುತ್ತದೆ. ಅದರೊಳಗಿನ ಪಿಂಗಾಣಿ ಚೂರು ಸೆಕೆಂಡಿಗೆ 4,55,000 ಸಲ ಕಂಪಿಸುತ್ತದೆ. ರಿಮೋಟಿನ ಚಿಪ್ಪು ಅದನ್ನು 12ರಿಂದ ಭಾಗಿಸಿ ತನ್ನ 38 ಕಿಲೊಹರ್ಟ್ಸ್ ಮಾಡಿಕೊಳ್ಳುತ್ತದೆ. ರಿಮೋಟ್ ನೆಲಕ್ಕೆ ಬಿದ್ದು ಆ ಪಿಂಗಾಣಿ ಸೀಳಿದರೆ ತಾಳ ತಪ್ಪಿ ಎಲ್ಲ ಗುಂಡಿಗಳೂ ಒಟ್ಟಿಗೆ ನಿಲ್ಲುತ್ತವೆ. ಬದಲಿಸಲು ಮೆಕ್ಯಾನಿಕ್‌ಗೆ ಹತ್ತು ನಿಮಿಷದ ಕೆಲಸ. ಈ 455 ಎಂಬ ಸಂಖ್ಯೆ ತಾತನ ಮೀಡಿಯಂ ವೇವ್ ರೇಡಿಯೊದೊಳಗೂ ಇದೆ. ಬಂದ ಯಾವುದೇ ಸ್ಟೇಷನ್ನನ್ನು ಅದು ಒಳಗೆ 455 ಕಿಲೊಹರ್ಟ್ಸಿಗೆ ತಂದುಕೊಂಡೇ ಹಾಡಾಗಿಸುತ್ತದೆ. ಆದ್ದರಿಂದ ಕ್ಯಾಮೆರಾ ಫೋನ್ ಇಲ್ಲದವರಿಗೆ ಇನ್ನೊಂದು ಪರೀಕ್ಷೆ ಇದೆ. ಮೀಡಿಯಂ ವೇವ್ ಹಾಕಿ, ಸ್ಟೇಷನ್ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ, ರಿಮೋಟನ್ನು ರೇಡಿಯೊಗೆ ತಾಗಿಸಿ ಹಿಡಿದು ಗುಂಡಿ ಒತ್ತಿ. ಚೆನ್ನಾಗಿರುವ ರಿಮೋಟಾದರೆ ರೇಡಿಯೊ ಗುರ್ರ್ ಎಂದು ತಡೆತಡೆದು ಸದ್ದು ಮಾಡುತ್ತದೆ.

ಕೊನೆಯದಾಗಿ ಕಿಟಕಿಯೇ ಇಲ್ಲದ ಸೆಟ್ಟಿನ ವಿಷಯ. ಕೆಲವರು ಇದಕ್ಕೆ ಮುಂದಿನ ಹಲಗೆ ಕೊರೆದು ಸೆನ್ಸರ್ ಕೂಡಿಸುತ್ತಾರೆ, ಸೌಂಡಿನ ಹಿಡಿಯನ್ನು ಕಿತ್ತು ಮೋಟಾರು ಇರುವುದನ್ನು ಹಾಕಿಸುತ್ತಾರೆ. ಹಾಗೆ ಮಾಡಿಸಬೇಡಿ ಎಂದೇ ನಾನು ಹೇಳುವುದು. ತೇಗದ ಹಲಗೆಗೆ ಒಮ್ಮೆ ಬಿದ್ದ ತೂತು ಮತ್ತೆ ಮುಚ್ಚದು. ಬೇಕಾದರೆ ಸೆಟ್ಟಿನ ಹಿಂದಿರುವ ಆಕ್ಸ್ ಅಥವಾ ಫೋನೊ ಎಂಬ ತೂತಿಗೆ ಯಾವ ಜೋಡಣೆ ಸರಿ ಎಂದು ಮೆಕ್ಯಾನಿಕ್‌ ಅವರನ್ನು ಕೇಳಿ, ರಿಮೋಟ್ ಇರುವ ಸಣ್ಣ ಪ್ಲೇಯರೊಂದನ್ನು ಅಲ್ಲಿಗೆ ಕೂಡಿಸಿಕೊಳ್ಳಿ. ಹಾಡು ಬದಲಿಸುವುದು, ಸೌಂಡು ಏರಿಸಿ ಇಳಿಸುವುದು ಆ ಪ್ಲೇಯರಿನಲ್ಲೇ ಆಗುತ್ತದೆ. ಪ್ಲೇಯರು ಕೆಟ್ಟರೆ ಕಳಚಿ ತೆಗೆದರಾಯಿತು, ಸೆಟ್ಟಿನ ಒಂದು ಮೊಳೆಯನ್ನೂ ಸಡಿಲಿಸಬೇಕಾಗಿಲ್ಲ.